ಒಂದೇ ಕೋಣೆ, ಒಂದೇ ಆಟ, ನಾಲ್ಕು ಕಾರಣ

ಪ್ರಶ್ನೆ: ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಗಣಿತದ ಉಪನ್ಯಾಸಕ. ಹುಡುಗರ ಹಾಸ್ಟೆಲ್‌ನ ವಾರ್ಡನ್ ಹೊಣೆಯೂ ನನ್ನ ಮೇಲಿದೆ. ಅಲ್ಲಿನ ಒಂದು ಕೋಣೆಯಲ್ಲಿ ಎರಡನೇ ವರ್ಷದ ನಾಲ್ವರು ಹುಡುಗರಿದ್ದಾರೆ. ನಾಲ್ವರೂ ರಾತ್ರಿ ಊಟ ಮುಗಿಸಿ ಫೋನಿನಲ್ಲಿ ಬಿಜಿಎಂಐ ಎಂಬ ಗುಂಡಿನ ಕಾಳಗದ ಆಟ ಆಡಲು ಕೂರುತ್ತಾರೆ, ಹೆಚ್ಚುಕಡಿಮೆ ಒಟ್ಟಿಗೇ ಏಳುತ್ತಾರೆ. ಅವರಲ್ಲಿ ಒಬ್ಬ ತರಗತಿಯ ಮೊದಲ ಐವರಲ್ಲಿದ್ದಾನೆ, ಇಬ್ಬರು ಸಾಧಾರಣ, ನಾಲ್ಕನೆಯವನಿಗೆ 6 ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯಗಳು), ಹಾಜರಾತಿಯೂ ಸಾಲದು. ಒಂದೇ ಆಟ, ಒಂದೇ ವೈಫೈ, ಒಂದೇ ಮೆಸ್ಸಿನ ಊಟ, ಆದರೂ ಹೀಗೇಕೆ? ಇದು ಹುಟ್ಟುಗುಣವೇ? ಪ್ರವೇಶದ ಹೊತ್ತಿಗೇ ವ್ಯಕ್ತಿತ್ವ ಪರೀಕ್ಷೆ ಮಾಡಿಸಿ ಇಂಥವರನ್ನು ಗುರುತಿಸಬಹುದೇ ಎಂದು ನಮ್ಮ ಪ್ರಾಂಶುಪಾಲರು ಕೇಳುತ್ತಿದ್ದಾರೆ. ರಾತ್ರಿ 11ಕ್ಕೆ ವೈಫೈ ನಿಲ್ಲಿಸಿ ನೋಡಿದೆವು, ಪ್ರಯೋಜನವಾಗಲಿಲ್ಲ. ಆ ಹುಡುಗನ ಮನೆಗೆ ತಿಳಿಸಬೇಕೇ?

ಉತ್ತರ: ನಿಮ್ಮ ಪತ್ರ ಓದುತ್ತಾ ‘ಒಂದೇ ಆಟ’ ಎಂಬಲ್ಲಿ ನಿಂತೆ. ನನ್ನ ತಕರಾರು ಅಲ್ಲಿಂದಲೇ ಶುರು. ದೇವಸ್ಥಾನದಲ್ಲಿ ಪ್ರಸಾದದ ಸಾಲಿಗೆ ನಿಂತವರೆಲ್ಲ ಭಕ್ತಿಯಿಂದಲೇ ನಿಂತಿರುವುದಿಲ್ಲ. ಹಸಿದವನು ಇರುತ್ತಾನೆ, ಹೆಂಡತಿಯ ಮಾತು ಮೀರಲಾರದೆ ಬಂದವನು ಇರುತ್ತಾನೆ, ಮಳೆ ಹನಿಯಿತೆಂದು ಒಳಗೆ ಸೇರಿಕೊಂಡವನೂ ಇರುತ್ತಾನೆ. ಬಡಿಸುವವನಿಗೆ ಕಾಣುವುದು ಒಂದೇ ಸಾಲು. ನಿಮಗೆ ಆ ಕೋಣೆಯಲ್ಲಿ ಕಾಣುತ್ತಿರುವುದೂ ಅಂಥದೊಂದು ಸಾಲು.

ಕಾಲೇಜು ವಿದ್ಯಾರ್ಥಿಗಳ ಆಪ್ತ ಸಮಾಲೋಚನೆ ನನ್ನ ಕೆಲಸ. ಆಟದ ದೂರಿನ ಮೇಲೆ ಕಳಿಸಲ್ಪಟ್ಟ ಹುಡುಗ ಎದುರು ಕುಳಿತಾಗ ‘ದಿನಕ್ಕೆ ಎಷ್ಟು ಗಂಟೆ ಆಡುತ್ತೀಯ’ ಎಂದು ನಾನು ಕೇಳುವುದಿಲ್ಲ. ಅದನ್ನು ಅವನಿಗೆ ಎಲ್ಲರೂ ಕೇಳಿರುತ್ತಾರೆ, ಅವನ ಬಳಿ ಸಿದ್ಧ ಸುಳ್ಳೊಂದು ಇರುತ್ತದೆ. ‘ನಿನ್ನೆ ರಾತ್ರಿಯ ಕೊನೆಯ ಪಂದ್ಯ ಹೇಗಾಯಿತು? ಮೊದಲಿನಿಂದ ಹೇಳು’ ಎನ್ನುತ್ತೇನೆ. ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು: ವಿಮಾನದಿಂದ 100 ಮಂದಿ ದ್ವೀಪವೊಂದಕ್ಕೆ ಜಿಗಿಯುತ್ತಾರೆ, ನಾಲ್ವರದೊಂದು ಸ್ಕ್ವಾಡ್, ಸುತ್ತಲಿನ ವೃತ್ತ ಕಿರಿದಾಗುತ್ತಾ ಬರುತ್ತದೆ, ಕೊನೆಗೆ ಉಳಿದ ತಂಡ ಗೆದ್ದಂತೆ. ದೊಡ್ಡ ಮ್ಯಾಪ್‌ನಲ್ಲಿ ಕೊನೆಯವರೆಗೆ ಉಳಿದರೆ ಸುಮಾರು ಅರ್ಧ ಗಂಟೆಯ ಕೆಲಸ.

ಒಬ್ಬ ಹೀಗೆ ಹೇಳುತ್ತಾನೆ: ‘ಪೊಚಿಂಕಿಯಲ್ಲಿ ಇಳಿದೆವು ಮೇಡಂ, ನನಗೆ 7 ಕಿಲ್, ಇನ್ನೊಂದು ಪಂದ್ಯ ಚೆನ್ನಾಗಿ ಆಡಿದ್ದರೆ ಕ್ರೌನ್ ಮಟ್ಟಕ್ಕೆ ಏರುತ್ತಿದ್ದೆ.’ ಇನ್ನೊಬ್ಬ: ‘ಇವನಿಗೆ ಗುಂಡು ಬಿದ್ದು ತೆವಳುತ್ತಿದ್ದ. ನಾನು ಹೊಗೆಬಾಂಬು ಎಸೆದು ಓಡಿಹೋಗಿ ಎಬ್ಬಿಸುವಷ್ಟರಲ್ಲಿ ಇಬ್ಬರೂ ಸತ್ತೆವು. ನಕ್ಕು ನಕ್ಕು ಪಕ್ಕದ ಕೋಣೆಯವರು ಬಾಗಿಲು ಬಡಿದರು.’ ಮತ್ತೊಬ್ಬನಿಗೆ ಪಂದ್ಯಕ್ಕಿಂತ ಬಂದೂಕಿಗೆ ತೊಡಿಸಿದ ಹೊಸ ಬಣ್ಣದ ಹೊದಿಕೆಯ, ಅವರ ಮಾತಿನಲ್ಲಿ ಸ್ಕಿನ್‌ನ ವರ್ಣನೆಯೇ ಹೆಚ್ಚು. ಇನ್ನು ಕೆಲವರಿರುತ್ತಾರೆ. ಎಷ್ಟು ಹೊತ್ತು ಕಾದರೂ ‘ಏನು ಹೇಳಲಿ, ಆಡಿದೆವು. ನೋಡಿದರೆ 3 ಗಂಟೆಯಾಗಿತ್ತು’ ಎಂಬಷ್ಟೇ ಉತ್ತರ. ಆಡಿದ್ದು ಯಾವ ಮ್ಯಾಪ್, ಗೆದ್ದರೋ ಸೋತರೋ, ಏನೂ ನೆನಪಿಲ್ಲ. ನನ್ನ ಪೆನ್ನು ನಿಲ್ಲುವುದು ಈ ಕೊನೆಯವನ ಮುಂದೆ. ಮೊದಲಿನ ಮೂವರು ಆಟಕ್ಕೆ ಹೋಗುತ್ತಿದ್ದಾರೆ, ಇವನು ಎಲ್ಲಿಂದಲೋ ಹೊರಡುತ್ತಿದ್ದಾನೆ.

ಇದು ನನ್ನ ಸ್ವಂತ ಕಂಡುಹಿಡಿತವೇನಲ್ಲ. ಜನ ಆನ್‌ಲೈನ್ ಆಟವನ್ನು ಏಕೆ ಆಡುತ್ತಾರೆ ಎಂಬ ಪ್ರಶ್ನೆ ಆನ್‌ಲೈನ್ ಆಟದಷ್ಟೇ ಹಳೆಯದು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ಇಬ್ಬರು ವಿದ್ಯಾರ್ಥಿಗಳು ಚಿತ್ರವೇ ಇಲ್ಲದ, ಬರೀ ಅಕ್ಷರಗಳ ಒಂದು ಬಹುಜನರ ಆಟ ಕಟ್ಟಿದರು. ಕಾಲೇಜು ಹುಡುಗರು ರಾತ್ರಿಯೆಲ್ಲ ಕುಳಿತು ಆಡುವ ಪದ್ಧತಿಗೆ ಅಲ್ಲಿಂದಲೇ ಲೆಕ್ಕ ಹಿಡಿಯಬಹುದು. 1996ರಲ್ಲಿ ಬಾರ್ಟಲ್ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಇಸ್ಪೀಟಿನ ನಾಲ್ಕು ಜಾತಿಗೆ ಹೋಲಿಸಿದರು. ಸಂಪತ್ತು, ಅಂಕ, ಮಟ್ಟ ಕೂಡಿಹಾಕುವವರು ಡೈಮಂಡ್. ಮೂಲೆ ಮೂಲೆ ಅಗೆದು ನೋಡುವವರು ಇಸ್ಪೀಟು, ಇಂಗ್ಲಿಷಿನಲ್ಲಿ ಆ ಜಾತಿಗೂ ಗುದ್ದಲಿಗೂ ಒಂದೇ ಹೆಸರು, ಸ್ಪೇಡ್. ಮಾತಿಗಾಗಿ, ಸ್ನೇಹಕ್ಕಾಗಿ ಬರುವವರು ಆಟೀನು. ಉಳಿದವರನ್ನು ಬಡಿದು ಖುಷಿಪಡುವವರು ಕಳಾವರ. ಚಂದದ ವಿಂಗಡಣೆ. ಆದರೆ ಅದು ಒಬ್ಬ ಜಾಣನ ಕಣ್ಣಳತೆ, ಅಳೆದು ತೂಗಿದ್ದಲ್ಲ.

ಅಳೆದವರು ಅಮೆರಿಕದ ನಿಕ್ ಯೀ. ಸುಮಾರು 3,000 ಆಟಗಾರರ ಮುಂದೆ 40 ಪ್ರಶ್ನೆಗಳನ್ನಿಟ್ಟು 2006ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ ಪ್ರೇರಣೆಗಳು ಮೂರು ಗುಂಪಾಗಿ ಕೂಡಿಕೊಂಡವು: ಸಾಧನೆ, ಸಂಗ, ತಲ್ಲೀನತೆ. ಗಮನಿಸಬೇಕಾದದ್ದು ಏನೆಂದರೆ, ಸಾಧನೆಗಾಗಿ ಆಡುವವನು ಸಂಗಕ್ಕಾಗಿಯೂ ಆಡಬಹುದು; ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗಬೇಕೆಂಬ ನಿಯಮವಿಲ್ಲ. ಆದ್ದರಿಂದ ‘ಇವನು ಡೈಮಂಡ್ ಜಾತಿ’ ಎಂದು ಹಣೆಪಟ್ಟಿ ಕಟ್ಟುವುದು ರಾಶಿಭವಿಷ್ಯಕ್ಕೆ ಸಮ. ಆಮೇಲೆ ಹಂಗೇರಿಯ ತಂಡವೊಂದು 2011ರಲ್ಲಿ 27 ವಾಕ್ಯಗಳ ಪ್ರಶ್ನಾವಳಿಯೊಂದನ್ನು ರೂಪಿಸಿ ಏಳು ಕಾರಣಗಳನ್ನು ಗುರುತಿಸಿತು: ಸ್ನೇಹ, ಸ್ಪರ್ಧೆ, ಕೌಶಲ, ಕಲ್ಪನಾಲೋಕ, ಮನರಂಜನೆ, ಒತ್ತಡದ ನಿಭಾವಣೆ, ಮತ್ತು ತಪ್ಪಿಸಿಕೊಳ್ಳುವಿಕೆ. ಯಾವ ಪ್ರೇರಣೆ ತೊಂದರೆಗೆ ಹತ್ತಿರ ಎಂದು ನೋಡಿದಾಗ ಯೀ ಅವರ ಕೈಗೂ ಹಂಗೇರಿಯವರ ಕೈಗೂ ಸಿಕ್ಕಿದ್ದು ಈ ಕೊನೆಯದೇ. ನಿಜಜೀವನದ ಯಾವುದೋ ಒಂದನ್ನು ಮರೆಯಲು ಆಡುವುದು.

ಈಗ ನಿಮ್ಮ ‘ಹುಟ್ಟುಗುಣ’ದ ಪ್ರಶ್ನೆಗೆ ಬರೋಣ. ಮನೋವಿಜ್ಞಾನ ವ್ಯಕ್ತಿತ್ವವನ್ನು ಸಾಮಾನ್ಯವಾಗಿ ಐದು ಅಳತೆಗಳಲ್ಲಿ ನೋಡುತ್ತದೆ: ಹೊಸತಿಗೆ ತೆರೆದುಕೊಳ್ಳುವುದು, ಹಿಡಿದ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸುವುದು, ಜನರೊಡನೆ ಬೆರೆಯುವುದು, ಹೊಂದಿಕೊಂಡು ಹೋಗುವುದು, ಮತ್ತು ಸಣ್ಣದಕ್ಕೂ ಕಳವಳಗೊಳ್ಳುವುದು. ಆಟ ಕೈಮೀರಿದವರಲ್ಲಿ ಅಧ್ಯಯನದ ಮೇಲೆ ಅಧ್ಯಯನದಲ್ಲಿ ಎರಡು ಸಂಗತಿ ಕಾಣುತ್ತದೆ. ಅಚ್ಚುಕಟ್ಟುತನ ಕಡಿಮೆ, ಕಳವಳ ಹೆಚ್ಚು. ಇಷ್ಟು ಕೇಳಿದ ಕೂಡಲೇ ನಿಮ್ಮ ಪ್ರಾಂಶುಪಾಲರು ‘ನೋಡಿ, ನಾನು ಹೇಳಿರಲಿಲ್ಲವೇ’ ಎನ್ನಬಹುದು. ಸ್ವಲ್ಪ ತಾಳಬೇಕು. ಈ ನಂಟು ಇದೆ, ಆದರೆ ತೆಳುವಾಗಿದೆ. ಕಳವಳದ ಸ್ವಭಾವದ ಹುಡುಗರಲ್ಲಿ ಬಹುಪಾಲು ಮಂದಿ ಪರೀಕ್ಷೆಗೆ ಎರಡು ತಿಂಗಳಿರುವಾಗಲೇ ಓದಲು ಕೂರುತ್ತಾರೆ, ನಿಮ್ಮ ಮೊದಲ ಐವರಲ್ಲೂ ಅಂಥವರು ಸಿಕ್ಕಾರು. ಇನ್ನೊಂದು, ಇಂಥ ಅಧ್ಯಯನಗಳಲ್ಲಿ ಹೆಚ್ಚಿನವು ಒಂದೇ ದಿನ, ಒಂದೇ ಕಾಗದದಲ್ಲಿ ಎರಡನ್ನೂ ಕೇಳಿರುತ್ತವೆ. 6 ಬ್ಯಾಕ್‌ಲಾಗ್ ಹೊತ್ತವನ ಕೈಗೆ ‘ನಾನು ಹಿಡಿದ ಕೆಲಸ ಮುಗಿಸುತ್ತೇನೆ’ ಎಂಬ ವಾಕ್ಯ ಕೊಟ್ಟರೆ ಅವನು ಹೌದೆಂದು ಗುರುತು ಹಾಕುತ್ತಾನೆಯೇ? ಅವನ ಸ್ವಭಾವ ಹಾಗಿತ್ತೋ, ಈ ವರ್ಷ ಹಾಗಾಯಿತೋ, ಆ ಕಾಗದ ಹೇಳುವುದಿಲ್ಲ.

ಸ್ವಭಾವ ಮತ್ತು ತೊಂದರೆಯ ನಡುವೆ ಒಂದು ಸೇತುವೆಯಿದೆ. ಅದೇ ಹಂಗೇರಿಯ ಬಳಗ 2015ರಲ್ಲಿ ತೋರಿಸಿದ್ದು ಇದನ್ನು: ಮನಸ್ಸಿನ ಸಂಕಟ ನೇರವಾಗಿ ಆಟದ ತೊಂದರೆಗೆ ನಂಟಾಗಿದ್ದು ಸ್ವಲ್ಪ ಮಟ್ಟಿಗೆ ನಿಜ, ಆದರೆ ಆ ನಂಟಿನ ಒಂದು ಪಾಲು ಹಾದುಹೋಗುವುದು ಪ್ರೇರಣೆಯ ಮೂಲಕ. ತಪ್ಪಿಸಿಕೊಳ್ಳಲು ಆಡುವುದು ಒಂದು ದಾರಿ, ಗೆಲ್ಲಲೇಬೇಕೆಂದು ಆಡುವುದು ಇನ್ನೊಂದು. ವಾರ್ಡನ್ ಆಗಿ ನಿಮಗೆ ಉಪಯೋಗಕ್ಕೆ ಬರುವ ಜಾಗ ಇದೇ. ಹತ್ತೊಂಬತ್ತರ ಹುಡುಗನ ಸ್ವಭಾವವನ್ನು ನೀವೂ ಬದಲಿಸಲಾರಿರಿ, ನಾನೂ ಬದಲಿಸಲಾರೆ. ಅವನು ಯಾವುದರಿಂದ ತಪ್ಪಿಸಿಕೊಳ್ಳುತ್ತಿದ್ದಾನೋ ಅದರಲ್ಲಿ ಎಷ್ಟೋ ಸಂಗತಿಗಳು ನಿಮ್ಮ ಕಾಲೇಜಿನ ಆವರಣದೊಳಗೇ ಇರುತ್ತವೆ, ಅವನ್ನು ಮುಟ್ಟಬಹುದು.

ಪ್ರವೇಶದ ಹೊತ್ತಿನ ಪರೀಕ್ಷೆ ಬೇಡವೆನ್ನಲು ಇನ್ನೊಂದು ಕಾರಣವಿದೆ. ಇದು ನಿಮ್ಮ ವಿಷಯವೇ ಆದ್ದರಿಂದ ಸಂಕೋಚದಿಂದಲೇ ಲೆಕ್ಕ ಒಪ್ಪಿಸುತ್ತೇನೆ. ವರ್ಷಕ್ಕೆ 400 ಮಂದಿ ಸೇರುತ್ತಾರೆ, ಅವರಲ್ಲಿ ಮುಂದೆ ನಿಜಕ್ಕೂ ತೊಂದರೆಗೆ ಬೀಳುವವರು 10 ಎಂದು ಇಟ್ಟುಕೊಳ್ಳಿ. ಪರೀಕ್ಷೆ ಬಲು ಒಳ್ಳೆಯದೆಂದೇ ಭಾವಿಸೋಣ: ತೊಂದರೆಯ 10ರಲ್ಲಿ 8 ಮಂದಿಯನ್ನು ಹಿಡಿಯುತ್ತದೆ, ಉಳಿದವರಲ್ಲಿ ಐವರಿಗೊಬ್ಬನನ್ನು ತಪ್ಪಾಗಿ ಹಿಡಿಯುತ್ತದೆ. ಆ 390ರಲ್ಲಿ 78 ಮಂದಿ ತಪ್ಪಾಗಿ ಸಿಕ್ಕಿಬಿದ್ದರು. ಪಟ್ಟಿಯಲ್ಲಿ ಒಟ್ಟು 86 ಹೆಸರು, ನಿಜವಾದವು 8. ಇವೆಲ್ಲ ಕಲ್ಪಿತ ಅಂಕಿಗಳು, ಆದರೆ ನಿಜದ ಪರೀಕ್ಷೆಗಳು ಇಷ್ಟು ಚುರುಕೂ ಅಲ್ಲ. ಆ 86 ಮಂದಿಯ ಮನೆಗೆ ಕಾಗದ ಹೋದರೆ ಏನಾಗುತ್ತದೆಂದು ನೀವು ಊಹಿಸಬಲ್ಲಿರಿ. ಪಟ್ಟಿಗೆ ಸೇರದೆ ಉಳಿದ ಇಬ್ಬರತ್ತ ಮಾತ್ರ ಯಾರೂ ತಿರುಗಿಯೂ ನೋಡುವುದಿಲ್ಲ.

ಹಾಗಾದರೆ ಹುಡುಗ ಯಾವುದರಿಂದ ತಪ್ಪಿಸಿಕೊಳ್ಳುತ್ತಾನೆ? ನನ್ನಲ್ಲಿಗೆ ಬಂದ ಒಬ್ಬನ ಕಥೆ ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಹೋಬಳಿ ಊರಿನ ಹುಡುಗ. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಪಿಯುಸಿ ವಿಜ್ಞಾನ, ಸಿಇಟಿಯಲ್ಲಿ ಊರಿಗೇ ಹೆಸರು ಬರುವಂಥ ರ‍್ಯಾಂಕ್. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದು ಶುಲ್ಕ ಕಟ್ಟಿದ್ದರು. ಮೊದಲ ಸೆಮಿಸ್ಟರ್‌ನಲ್ಲಿ ಒಮ್ಮೆ ತರಗತಿಯಲ್ಲಿ ಎದ್ದು ಉತ್ತರ ಹೇಳಿದ. ಉತ್ತರ ಸರಿಯಿತ್ತು, ಉಚ್ಚಾರಣೆಗೆ ಹಿಂದಿನ ಬೆಂಚು ನಕ್ಕಿತು. ಅಲ್ಲಿಂದ ಮುಂದೆ ಮೂರು ಸೆಮಿಸ್ಟರ್ ಅವನು ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಲ್ಯಾಬ್ ವೈವಾದಲ್ಲಿ ಗೊತ್ತಿದ್ದನ್ನೂ ನುಂಗಿದ. ನನ್ನೆದುರೂ ಅರ್ಧ ಗಂಟೆ ‘ಹೌದು ಮೇಡಂ’, ‘ಇಲ್ಲ ಮೇಡಂ’ ಬಿಟ್ಟರೆ ಬೇರೆ ಮಾತಿಲ್ಲ.

ಆಟದ ಮಾತು ತೆಗೆದೆ. ತನ್ನ ಸ್ಕ್ವಾಡ್‌ನಲ್ಲಿ ತಾನು ಐಜಿಎಲ್ ಎಂದ. ತಂಡಕ್ಕೆ ಎಲ್ಲಿ ಇಳಿಯಬೇಕು, ಯಾವಾಗ ಹೊಡೆಯಬೇಕು, ಯಾವಾಗ ಸುಮ್ಮನಿರಬೇಕು ಎಂದು ಕೂಗಿ ಹೇಳುವ ನಾಯಕ. ಹೇಗೆ ಹೇಳುತ್ತೀಯ, ತೋರಿಸು ಎಂದೆ. ಕುರ್ಚಿಯಲ್ಲಿ ನೆಟ್ಟಗೆ ಕುಳಿತ. ‘220ರಲ್ಲಿ ಕಲ್ಲಿನ ಹಿಂದೆ ಒಬ್ಬ. ಯಾರೂ ಹೊಡೆಯಬೇಡಿ. ವೃತ್ತ ನಮ್ಮ ಕಡೆಗಿದೆ, ಅವನೇ ಓಡಿಬರಬೇಕು. ಬರಲಿ. ಬರಲಿ. ಈಗ.’ ದನಿ ಬೇರೆಯೇ ಆಗಿತ್ತು. 220 ಎಂದರೆ ಪರದೆಯ ಮೇಲಿನ ದಿಕ್ಸೂಚಿಯ ಡಿಗ್ರಿ ಎಂದು ನನಗೆ ವಿವರಿಸಿದವನೂ ಅವನೇ, ಕೋನಗಳ ಬಗ್ಗೆ ಒಂದು ಪುಟ್ಟ ಪಾಠದಂತೆ. ಅವನ ಮಾತಿಗೆ ಮೂವರು ಅಪರಿಚಿತರು, ಮೂರು ಬೇರೆ ಊರಿನವರು, ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಹಗಲಿಡೀ ಯಾರೂ ಅವನ ಮಾತಿಗೆ ಕಾದಿರಲಿಲ್ಲ.

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಮನುಷ್ಯನಿಗೆ ಅನ್ನ-ನೀರಿನ ಆಚೆಗೆ ಮೂರು ಬೇಕು ಎನ್ನುತ್ತಾರೆ: ತನ್ನ ಆಯ್ಕೆ ತನ್ನದಾಗಿರಬೇಕು, ತನ್ನ ಕೈಯಲ್ಲಿ ಆಗುತ್ತದೆ ಅನ್ನಿಸಬೇಕು, ತನ್ನವರು ಎಂದು ಕೆಲವರಿರಬೇಕು. 2006ರಲ್ಲಿ ರಯಾನ್ ತಮ್ಮ ಸಂಗಡಿಗರೊಡನೆ ಇದೇ ಮೂರನ್ನು ಆಟಗಳ ಮೇಲೆ ಇಟ್ಟು ನೋಡಿದರು. ಆಟ ಸೆಳೆಯುವುದು ಬಹುಮಟ್ಟಿಗೆ ಈ ಮೂರನ್ನು ಪೂರೈಸುವುದರಿಂದಲೇ ಎಂದು ಕಂಡರು. ಕಾಲೇಜನ್ನು ಪಕ್ಕದಲ್ಲಿಟ್ಟು ನೋಡಿ. ಕೋರ್ಸು ಆರಿಸಿದ್ದು ಅಪ್ಪ, ಅಥವಾ ಸಿಇಟಿ ಕೌನ್ಸೆಲಿಂಗ್‌ನಲ್ಲಿ ಉಳಿದಿದ್ದ ಸೀಟು. ತನ್ನಿಂದ ಆಗುತ್ತದೋ ಇಲ್ಲವೋ ಎಂದು ತಿಳಿಯಲು ಇಂಟರ್ನಲ್ಸ್‌ವರೆಗೆ ವಾರಗಟ್ಟಲೆ ಕಾಯಬೇಕು, ತಿಳಿದಾಗಲೂ ಸಿಗುವುದು ಬರೀ ಒಂದು ಅಂಕಿ. ಆಟದಲ್ಲಿ ಗುರಿಯಿಟ್ಟು ಹೊಡೆದರೆ ತಾಗಿತೋ ಇಲ್ಲವೋ ಅರ್ಧ ಕ್ಷಣದಲ್ಲಿ ಗೊತ್ತಾಗುತ್ತದೆ. ಸೋತರೆ? ಮುಂದಿನ ಪಂದ್ಯಕ್ಕೆ ಒಂದು ಬಟನ್ ಸಾಕು. ಬ್ಯಾಕ್‌ಲಾಗ್‌ಗೆ ಅಂಥ ಬಟನ್ ಇಲ್ಲ.

ಆ ಹುಡುಗನಿಗೆ ಆಟ ಮೊದಲು ಕೈ ಹಿಡಿದದ್ದು ಹೀಗೆ, ಸಾಮರ್ಥ್ಯದ ರುಚಿಯಾಗಿ. ಆಮೇಲೆ ಅದರ ಬಣ್ಣ ಬದಲಾಯಿತು. ಎರಡನೇ ಸೆಮಿಸ್ಟರ್‌ನ ಫಲಿತಾಂಶವನ್ನು ಮನೆಗೆ ಹೇಳಿರಲಿಲ್ಲ. ದೀಪ ಆರಿಸಿ ಮಲಗಿದರೆ ಸೊಸೈಟಿಯ ಸಾಲ ತಲೆಯೊಳಗೆ ಎದ್ದು ಕೂರುತ್ತಿತ್ತು. ಕಣ್ಣು ತಾವಾಗಿ ಮುಚ್ಚುವವರೆಗೆ ಆಡಿದರೆ ಮಲಗುವ ಮೊದಲಿನ ಆ ಹತ್ತು ನಿಮಿಷವೇ ಇರುವುದಿಲ್ಲ. ಬೆಳಿಗ್ಗೆ ಏಳಲಾಗದೆ ಮೊದಲ ತರಗತಿ ತಪ್ಪುತ್ತಿತ್ತು. ಹಾಜರಾತಿ ಇಳಿದಷ್ಟೂ ಮನೆಗೆ ಹೇಳಬೇಕಾದ ಸುಳ್ಳು ಬೆಳೆಯಿತು, ಸುಳ್ಳು ಬೆಳೆದಷ್ಟೂ ಆ ಹತ್ತು ನಿಮಿಷ ಭಾರವಾಯಿತು. ಕೊನೆಕೊನೆಗೆ ಐಜಿಎಲ್ ಪಟ್ಟವನ್ನೂ ಬೇರೆಯವನಿಗೆ ಬಿಟ್ಟುಕೊಟ್ಟು, ಮೈಕ್ ಮುಚ್ಚಿಕೊಂಡು, ಗೊತ್ತಿಲ್ಲದವರ ತಂಡಗಳಲ್ಲಿ ಒಬ್ಬನೇ ಆಡುತ್ತಿದ್ದ. ಆಟವೊಂದೇ, ಗಂಟೆಗಳೂ ಅಷ್ಟೇ, ಒಳಗಿನ ಕಾರಣ ಮಾತ್ರ ಮಗ್ಗುಲು ಬದಲಿಸಿತ್ತು. ಹಾಸ್ಟೆಲ್‌ನಲ್ಲಿ ಯಾರಾದರೂ ಗಮನಿಸಬಹುದಾಗಿದ್ದ ಗುರುತು ಆ ಕೋಣೆಯಿಂದ ದನಿ ಕೇಳುವುದು ನಿಂತದ್ದು. ಗಲಾಟೆ ನಿಂತಿತಲ್ಲ ಎಂದು ಎಲ್ಲರಿಗೂ ಸಮಾಧಾನವೇ ಆಗಿತ್ತಂತೆ.

ಆಟವನ್ನು ಫೋನಿನಿಂದ ಅಳಿಸು ಎಂದು ನಾನು ಹೇಳಲಿಲ್ಲ. ಹಿರಿಯ ವಿದ್ಯಾರ್ಥಿಯೊಬ್ಬ ಸಂಜೆ ಕನ್ನಡದಲ್ಲೇ ಗಣಿತ ಹೇಳಿಕೊಡಲು ಒಪ್ಪಿದ. ಮನೆಗೆ ಹೇಳುವ ಕೆಲಸವನ್ನು ನನ್ನ ಕೋಣೆಯಿಂದಲೇ, ನನ್ನ ಎದುರಿಗೇ ಫೋನಿನಲ್ಲಿ ಮಾಡಿದ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು ‘ಊಟ ಸರಿಯಾಗಿ ಮಾಡುತ್ತಿದ್ದೀಯಾ’ ಎಂದರಂತೆ. ಎರಡು ಸೆಮಿಸ್ಟರ್ ಹಿಡಿಯಿತು. ಎಲ್ಲ ಬ್ಯಾಕ್‌ಲಾಗ್ ತೀರಲಿಲ್ಲ, ಬಹುಪಾಲು ತೀರಿದವು. ಈಗಲೂ ಆಡುತ್ತಾನೆ, ಮೈಕ್ ತೆರೆದಿದೆ.

ಇದೆಲ್ಲ ಹೇಳಿ ಆಟ ತಯಾರಿಸುವವರನ್ನು ನಾನು ಬಿಟ್ಟುಬಿಟ್ಟೆ ಎಂದುಕೊಳ್ಳಬೇಡಿ. ಪ್ರತಿ ಸೀಸನ್ ಮುಗಿದಾಗ ರ‍್ಯಾಂಕ್ ಕೆಳಗೆ ಬೀಳುವಂತೆ ಮಾಡಿರುವುದು ಅವರೇ. ಬಿದ್ದುದನ್ನು ಮತ್ತೆ ಹತ್ತಬೇಕು, ಅದಕ್ಕೆ ಹುಡುಗರ ಮಾತಿನಲ್ಲಿ ‘ರ‍್ಯಾಂಕ್ ಪುಶ್’. ಆಟದೊಳಗಿನ ಬಹುಮಾನದ ಪೆಟ್ಟಿಗೆ ತೆರೆದಾಗ ಒಮ್ಮೊಮ್ಮೆ ಮಾತ್ರ ಒಳ್ಳೆಯದು ಸಿಗುತ್ತದೆ, ಯಾವಾಗ ಎಂಬುದು ತಿಳಿಯದು. ಹೀಗೆ ಅನಿಶ್ಚಿತವಾಗಿ ಕಾಳು ಸಿಗುವ ಪಾರಿವಾಳ ಎಡೆಬಿಡದೆ ಕುಕ್ಕುತ್ತದೆ ಎಂಬುದನ್ನು ಬಿ. ಎಫ್. ಸ್ಕಿನ್ನರ್ ಕಳೆದ ಶತಮಾನದಲ್ಲೇ ತೋರಿಸಿದ್ದರು. ಇದಕ್ಕೆ ಯಾವ ವ್ಯಕ್ತಿತ್ವವೂ ಬೇಕಾಗಿಲ್ಲ, ಎಲ್ಲರೂ ಸಿಕ್ಕಿಬೀಳುತ್ತಾರೆ; ಸಿಕ್ಕವರಲ್ಲಿ ಬಹುಪಾಲು ಮಂದಿ ಮರುದಿನ ಕೆಲಸವಿದೆಯೆಂದು ಎದ್ದು ಹೋಗುತ್ತಾರೆ. ಎದ್ದುಹೋಗಲು ಬೇರೆ ಒಳ್ಳೆಯ ಜಾಗವಿಲ್ಲದವನು ಕುಳಿತೇ ಇರುತ್ತಾನೆ.

ವೈಫೈ ನಿಲ್ಲಿಸಿದ್ದು ಏಕೆ ಫಲ ಕೊಡಲಿಲ್ಲ ಎಂಬುದು ನಿಮಗೂ ಗೊತ್ತಿರಬೇಕು, ಎಲ್ಲರ ಫೋನಿನಲ್ಲೂ ಡೇಟಾ ಇದೆ. ದೇಶದ ಮಟ್ಟದಲ್ಲೂ ನಡೆದದ್ದು ಇದೇ. ಪಬ್‌ಜಿ ಮೊಬೈಲನ್ನು ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿತು, ಹುಡುಗರು ಬೇರೆ ಆಟಗಳಿಗೆ ಹೋದರು. 2021ರ ಜುಲೈಯಲ್ಲಿ ಅದೇ ಆಟ ಬಿಜಿಎಂಐ ಆಗಿ ಬಂತು, 2022ರ ಜುಲೈಯಲ್ಲಿ ಅದೂ ಹೋಯಿತು, 2023ರ ಮೇನಲ್ಲಿ ಮತ್ತೆ ಬಂತು. ಆಗ 18 ತುಂಬದವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ ಎಂಬ ಮಿತಿ ಹಾಕಿಕೊಂಡು ಬಂತು. ಸರ್ಕಾರವೂ, ವಾರ್ಡನ್ನರೂ, ಅಪ್ಪ ಅಮ್ಮಂದಿರೂ ಆಟವನ್ನು ಗಂಟೆಯಲ್ಲೇ ಅಳೆಯುತ್ತಾರೆ, ಏಕೆಂದರೆ ಗಂಟೆ ಎಣಿಸಲು ಸುಲಭ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಏಳು ಆಟಗಳ ಸುಮಾರು 39,000 ಆಟಗಾರರನ್ನು ಆರು ವಾರ ಹಿಂಬಾಲಿಸಿದರು. ಆಡಿದ ಹೊತ್ತನ್ನು ಆಟಗಾರರ ಬಾಯಿಂದ ಕೇಳದೆ ಕಂಪನಿಗಳ ದಾಖಲೆಯಿಂದಲೇ ಪಡೆದರು. ಆಡಿದ ಹೊತ್ತಿಗೂ ಮನಸ್ಸಿನ ನೆಮ್ಮದಿಗೂ ಹೇಳಿಕೊಳ್ಳುವಂಥ ನಂಟು ಸಿಗಲಿಲ್ಲ, ಯಾವ ಪ್ರೇರಣೆಯಿಂದ ಆಡಿದರು ಎಂಬುದಕ್ಕೆ ನಂಟಿತ್ತು. ನಿದ್ದೆಗೆಟ್ಟರೂ ಪರವಾಗಿಲ್ಲ ಎಂದು ಇದರರ್ಥವಲ್ಲ. ಮೂರಕ್ಕೆ ಮಲಗಿದವನಿಗೆ ಎಂಟರ ತರಗತಿ ತಲೆಗೆ ಹತ್ತುವುದಿಲ್ಲ, ಅವನು ಆಟ ಆಡಿರಲಿ, ಪುರಾಣವನ್ನೇ ಓದಿರಲಿ.

ಹುಡುಗಿಯರ ಹಾಸ್ಟೆಲ್‌ನಲ್ಲಿ ಈ ತೊಂದರೆಯಿಲ್ಲ ಎಂದು ವಾರ್ಡನ್ನರು ನನಗೆ ಹೇಳುವುದುಂಟು. ಇದೆ. ಅವರು ಸದ್ದಿಲ್ಲದೆ ಆಡುತ್ತಾರೆ. ದನಿ ಕೇಳಿದ ಕೂಡಲೇ ಹೊಲಸು ಮಾತು ಬರುತ್ತದೆಂದು ಎಷ್ಟೋ ಹುಡುಗಿಯರು ಮೈಕ್ ತೆರೆಯುವುದೇ ಇಲ್ಲ. ಅದು ಬೇರೆ ದೊಡ್ಡ ಕಥೆ.

ಯಾವಾಗ ವೈದ್ಯರ ಬಳಿಗೆ? ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರ ಜನವರಿ 1ರಿಂದ ಜಾರಿಯಲ್ಲಿದೆ, ಅದರಲ್ಲಿ ಆಟದ ಅಸ್ವಸ್ಥತೆಗೂ ಜಾಗವಿದೆ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಉಳಿದ ಆಸಕ್ತಿ ಮತ್ತು ದಿನದ ಕೆಲಸಗಳನ್ನೆಲ್ಲ ಆಟ ಹಿಂದಕ್ಕೆ ತಳ್ಳಿರಬೇಕು, ಕೆಟ್ಟದಾಗುತ್ತಿದೆ ಎಂದು ಕಂಡರೂ ಮುಂದುವರಿದಿರಬೇಕು. ಜೊತೆಗೆ ಓದು, ಮನೆ, ಸಂಬಂಧಗಳು ಸ್ಪಷ್ಟವಾಗಿ ಕೆಟ್ಟಿರಬೇಕು, ಮತ್ತು ಇದು ಸಾಮಾನ್ಯವಾಗಿ 12 ತಿಂಗಳಾದರೂ ನಡೆದಿರಬೇಕು. ಪರೀಕ್ಷೆ ಮುಗಿದ ವಾರ ಹಗಲುರಾತ್ರಿ ಆಡುವವನು ಈ ಬಲೆಗೆ ಬೀಳುವುದಿಲ್ಲ. ‘ವ್ಯಸನ’ ಎಂಬ ಪದವನ್ನು ನಾವು ಕಾಫಿಗೂ ಬಳಸುತ್ತೇವೆ, ಆಟಕ್ಕೂ ಬಳಸುತ್ತೇವೆ. ಆ ನಾಲ್ಕನೆಯ ಹುಡುಗನ ಮುಂದೆ ದಯವಿಟ್ಟು ಬಳಸಬೇಡಿ. ಅವನ ಖಿನ್ನತೆ, ಆತಂಕ, ಚಿಕ್ಕಂದಿನಿಂದಲೂ ಗಮನ ನಿಲ್ಲದ ತೊಂದರೆ, ಇವನ್ನೂ ಯಾರಾದರೂ ನೋಡಬೇಕಾಗುತ್ತದೆ, ಆಟದ ಹಿಂದೆ ಇವು ಅಡಗಿ ಕುಳಿತಿರುವುದು ಅಪರೂಪವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಆಟ, ಫೋನುಗಳ ಅತಿಬಳಕೆಯ ತೊಂದರೆಗೆಂದೇ ‘ಶಟ್ ಕ್ಲಿನಿಕ್’ ಇದೆ. ಅಷ್ಟು ದೂರ ಹೋಗಲಾಗದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರಿದ್ದಾರೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಹುಡುಗನೂ ಮಾಡಬಹುದು, ನೀವೂ ಮಾಡಬಹುದು.

ಒಂದು ವಿಷಯ ಮಾತ್ರ ಬೇರೆಯಾಗಿಯೇ ವಿಚಾರಿಸಿ: ಹಣ. ಪಣವಿಟ್ಟು ಆಡುವ ರಮ್ಮಿ, ಬೆಟ್ಟಿಂಗ್ ಆ್ಯಪ್‌ಗಳನ್ನು ನಾನು ಇದುವರೆಗೆ ಹೇಳಿದ ಆಟಗಳ ಜೊತೆ ಸೇರಿಸಿಲ್ಲ, ಅದು ಧರ್ಮರಾಯನ ಪಗಡೆ. ಅಲ್ಲಿ ಕೂರಿಸುವುದು ಸೋತದ್ದನ್ನು ಮರಳಿ ಗೆಲ್ಲುವ ಆಸೆಯೊಂದೇ. ಕರ್ನಾಟಕ 2021ರಲ್ಲಿ ತಂದಿದ್ದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿದೆ. ಆದರೂ ಕಳ್ಳದಾರಿಯ ಆ್ಯಪ್‌ಗಳು ಇವೆ. ಹುಡುಗ ಗೆಳೆಯರಲ್ಲಿ ಸಣ್ಣಸಣ್ಣ ಸಾಲ ಎತ್ತುತ್ತಿದ್ದರೆ, ಲ್ಯಾಪ್‌ಟಾಪ್ ಮಾರಿದ್ದರೆ, ಸಮಾಲೋಚನೆಗೆ ದಿನ ಗೊತ್ತುಮಾಡುತ್ತಾ ಕೂರಬೇಡಿ, ಅಂದೇ ಮನೆಯವರನ್ನು ಕರೆಸಿ.

ಹಣದ ವಿಷಯವಿಲ್ಲದಿದ್ದರೆ ಮನೆಗೆ ತಿಳಿಸುವ ಅವಸರ ಬೇಡ, ಆದರೆ ಮುಚ್ಚಿಡುವುದೂ ಬೇಡ. ಹದಿನೆಂಟು ದಾಟಿದವನು ಅವನು. ‘ನಿನ್ನ ಮನೆಗೆ ಹೇಳುವುದಿದೆ, ನೀನೇ ಹೇಳುತ್ತೀಯೋ, ನಾನು ಪಕ್ಕದಲ್ಲಿ ಕೂರಲೋ’ ಎಂದು ಅವನನ್ನೇ ಕೇಳಿ. ನಿಮ್ಮ ಕಾಗದ ಅವನಿಗಿಂತ ಮೊದಲು ಮನೆ ತಲುಪಿದರೆ ಅವನ ಬಳಿ ಉಳಿದಿದ್ದ ಒಂದೇ ಒಂದು ಕೆಲಸವನ್ನು ನೀವು ಮಾಡಿಬಿಟ್ಟಂತೆ. ಪೋಷಕರಿಗೆ ಹೇಳುವಾಗ ಎಷ್ಟು ಹೊತ್ತು ಆಡುತ್ತಾನೆ ಎಂಬುದರಿಂದ ಶುರುಮಾಡಬೇಡಿ, ಯಾವ ವಿಷಯದಲ್ಲಿ ಎಡವಿದ್ದಾನೆ ಎಂಬುದರಿಂದ ಶುರುಮಾಡಿ. ಇಲ್ಲವಾದರೆ ಫೋನು ಕಸಿದುಕೊಂಡು, ಗಣಿತ ಹಾಗೆಯೇ ಉಳಿದು, ಆರು ಬ್ಯಾಕ್‌ಲಾಗ್ ಏಳಾಗುತ್ತದೆ.

ಉಳಿದ ಮೂವರನ್ನು ಬೈದು ಅವನಿಂದ ದೂರ ಮಾಡಬೇಡಿ, ಕೋಣೆ ಬದಲಿಸುವುದಂತೂ ಬೇಡವೇ ಬೇಡ. ಅವನ ಜೊತೆ ನಗುವವರು ಸದ್ಯಕ್ಕೆ ಅವರಷ್ಟೇ ಇರಬಹುದು. ಬದಲಿಗೆ ಅವರೊಡನೆಯೇ ಒಪ್ಪಂದ ಮಾಡಿಕೊಳ್ಳಿ, ಗಂಟೆಯಲ್ಲಿ ಬೇಡ, ಪಂದ್ಯದಲ್ಲಿ. ‘11ಕ್ಕೆ ನಿಲ್ಲಿಸಿ’ ಎಂದರೆ 10:50ಕ್ಕೆ ಶುರುವಾದ ಪಂದ್ಯ ಸುಳ್ಳು ಹೇಳಿಸುತ್ತದೆ. ‘ರಾತ್ರಿಗೆ ಮೂರು ಪಂದ್ಯ, ಇಂಟರ್ನಲ್ಸ್ ವಾರದಲ್ಲಿ ಒಂದು’ ಎಂದರೆ ಅವರೇ ಎಣಿಸುತ್ತಾರೆ. ನಾಲ್ವರೂ ಕೂಡಿ ಒಪ್ಪಿದ ಮಾತನ್ನು ನಾಲ್ವರಲ್ಲಿ ಒಬ್ಬ ಮುರಿಯುವುದು ಕಷ್ಟ, ಸ್ಕ್ವಾಡ್ ಎಂದರೆ ಅದೇ ತಾನೇ.

ಇನ್ನು ಆ ಹುಡುಗನೊಡನೆ ಮೊದಲ ಮಾತು. ವಾರ್ಡನ್ ಕಚೇರಿಗೆ ಕರೆಸಬೇಡಿ, ಕೋಣೆಗೆ ನೀವೇ ಹೋಗಿ. ಬಾಗಿಲು ತಟ್ಟಿದಾಗ ಪಂದ್ಯ ನಡೆಯುತ್ತಿದ್ದರೆ, ‘ಐದು ನಿಮಿಷ ಸರ್’ ಎಂದು ಅವನು ಕೇಳಿದರೆ, ಕೊಡಿ. ಈ ಆಟವನ್ನು ನಡುವೆ ತಡೆಹಿಡಿದು ಇಡಲು ಬರುವುದಿಲ್ಲ, ಎದ್ದುಬಂದರೆ ಅವನ ಮೂವರು ಸಾಯುತ್ತಾರೆ. ಮಂಚದ ತುದಿಯಲ್ಲಿ ಕುಳಿತು ಕಾಯಿರಿ. ಮುಗಿದ ಮೇಲೆ, ಎಲ್ಲಿ ಇಳಿದಿರಿ ಎಂದು ಕೇಳಿ.